ಕಿವಿ ಹೋದದ್ದು ಸರ್ವಿಸ್‌ನಲ್ಲಿ, ಡಿಸೆಬಿಲಿಟಿ ಪೆನ್ಷನ್ ಯಾಕೆ ಇಲ್ಲ? ಮಾಜಿ ಸೈನಿಕರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಾಹೇಬ್ರಿಗೆ ನಮಸ್ಕಾರ. ನಾನು 1998ರಲ್ಲಿ ಆರ್ಟಿಲರಿಗೆ ಸೇರಿ 2022ರ ಮಾರ್ಚ್‌ನಲ್ಲಿ ಹವಾಲ್ದಾರ್ ಆಗಿ ಡಿಸ್ಚಾರ್ಜ್ ಆಗಿ ಬಂದವ, ಈಗ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡ್ಕೊಂಡು ಇದ್ದೇನೆ. ಜಾಸ್ತಿ ವರ್ಷ ಗನ್ ಮೇಲೇ ಇದ್ದದ್ದು, 105 ಎಂಎಂ ಫೀಲ್ಡ್ ಗನ್. ಫೈರಿಂಗ್ ಆಗುವಾಗ ಸುರುವಿಗೆ ಕಿವಿಗೆ ಹತ್ತಿ ಇಟ್ಕೊಳ್ತಾ ಇದ್ದೆವು, ಆಮೇಲೆ ಇಯರ್‌ಪ್ಲಗ್ ಬಂತು, ಆದ್ರೆ ಆರ್ಡರ್ ಕೇಳ್ಬೇಕಲ್ಲ, ಹಾಗಾಗಿ ಒಂದು ಕಿವಿದು ತೆಗೆದೇ ಇರ್ತಿತ್ತು. 2016ರಲ್ಲಿ ಕಿವಿ ಸರಿ ಕೇಳುದಿಲ್ಲ ಅಂತ ಆಸ್ಪತ್ರೆಗೆ ಕಳಿಸಿದ್ರು, ಕೆಟಗರಿ ಎಚ್-2 ಆಯ್ತು, ಅಂದ್ರೆ ಕಿವಿ ಪೂರ್ತಿ ಸರಿ ಇಲ್ಲ ಅಂತ. ಡಿಸ್ಚಾರ್ಜ್ ಟೈಮಲ್ಲಿ ಮೆಡಿಕಲ್ ಬೋರ್ಡ್‌ನವರು ಎರಡೂ ಕಿವಿಯ ನರದ ದೋಷ, 20 ಪರ್ಸೆಂಟ್, ಲೈಫ್ ಲಾಂಗ್ ಅಂತ ಬರೆದ್ರು, ಆದ್ರೆ ಸರ್ವಿಸ್‌ನಿಂದ ಬಂದದ್ದೂ ಅಲ್ಲ, ಸರ್ವಿಸ್‌ನಿಂದ ಜಾಸ್ತಿ ಆದದ್ದೂ ಅಲ್ಲ, ಪೀಸ್ ಸ್ಟೇಷನ್‌ನಲ್ಲಿ, ಅಂದ್ರೆ ಗಡಿ, ಯುದ್ಧ ಇಲ್ಲದ ಜಾಗದಲ್ಲಿ ಶುರುವಾದ್ದು ಅಂತಲೂ ಬರೆದ್ರು. ಕ್ಲೇಮ್ ರಿಜೆಕ್ಟ್ ಅಂತ ಪತ್ರ ಬಂತು, ನಾನು ಸುಮ್ಮನಾದೆ. ಈಗ ಆಟಕ್ಕೆ ಹೋದ್ರೆ ಚೆಂಡೆ ಕೇಳ್ತದೆ, ಭಾಗವತರ ಪದ ಏನೂ ಗೊತ್ತಾಗುದಿಲ್ಲ. ರಾತ್ರಿ ಮಲಗಿದ್ರೆ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಒಂದೇ ಸಮನೆ ಶಬ್ದ. ಒಬ್ಬ ಏಜೆಂಟ್ ಬಂದು ಕೇಸ್ ಗೆಲ್ಲಿಸಿ ಕೊಡ್ತೇನೆ, ಬಂದ ದುಡ್ಡಲ್ಲಿ ಇಂತಿಷ್ಟು ಪಾಲು ಕೊಡಿ ಅಂತಾನೆ. ಟೈಮ್ ದಾಟಿದೆ ಅಲ್ವಾ, ಇನ್ನು ಏನಾದ್ರೂ ಆಗ್ತದಾ? (ಹೆಸರು ಬೇಡ)

ಉತ್ತರ: ಹವಾಲ್ದಾರ್ರೇ, ಆಗ್ತದೆ. ಮೊದಲು ಅದನ್ನೇ ಹೇಳ್ತೇನೆ, ಯಾಕಂದ್ರೆ ನಿಮ್ಮ ಹಾಗೆ ರಿಜೆಕ್ಷನ್ ಪತ್ರ ಬಂದ ಕೂಡ್ಲೇ ಅದನ್ನು ಟ್ರಂಕಿನಡಿಗೆ ಹಾಕಿ ಸುಮ್ಮನಾದವರು ನಮ್ಮ ಜಿಲ್ಲೆಯಲ್ಲಿ ತುಂಬ ಜನ ಇದ್ದಾರೆ, ಅದು ನನಗೆ ನಿಜವಾಗಿಯೂ ಬೇಜಾರಿನ ವಿಷಯ. ಏಜೆಂಟ್‌ನನ್ನು ಇವತ್ತೇ ಬಿಟ್ಟುಬಿಡಿ. ಖಾಲಿ ಕಾಗದಕ್ಕೆ ಸಹಿ, ಮಿಲಿಟರಿ ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್‌ನ ಪಾಸ್‌ವರ್ಡ್, ಫೋನಿಗೆ ಬಂದ ಒಟಿಪಿ, ಇದ್ಯಾವುದೂ ಯಾರಿಗೂ ಕೊಡುದು ಬೇಡ.

ಈಗ ವಿಷಯಕ್ಕೆ ಬರುವ. ಡಿಸೆಬಿಲಿಟಿ ಪೆನ್ಷನ್ ಸಿಗ್ಬೇಕಾದ್ರೆ ಎರಡು ಬಾಗಿಲು ದಾಟ್ಬೇಕು, ಒಂದು ಪರ್ಸೆಂಟ್, 20 ಅಥವಾ ಅದಕ್ಕಿಂತ ಜಾಸ್ತಿ ಇರ್ಬೇಕು, ಇನ್ನೊಂದು ಸಂಬಂಧ, ಅಂದ್ರೆ ಕಾಯಿಲೆ ಸರ್ವಿಸ್‌ನಿಂದ ಬಂದದ್ದಾಗಿರ್ಬೇಕು ಇಲ್ಲ ಸರ್ವಿಸ್‌ನಿಂದ ಜಾಸ್ತಿ ಆಗಿರ್ಬೇಕು. ನಿಮಗೆ ಮೊದಲನೇದು ಬೋರ್ಡೇ ಕೊಟ್ಟಾಗಿದೆ, 20 ಅಂತ ಅವರೇ ಬರೆದಿದ್ದಾರೆ. ಹಾಗಾಗಿ ಅಪೀಲಿನಲ್ಲಿ ನನಗೆ ಕೇಳುದೇ ಇಲ್ಲ, ಭಾರೀ ಕಷ್ಟ ಆಗ್ತಾ ಉಂಟು ಅಂತ ನಾಲ್ಕು ಪುಟ ಬರೆದು ಪ್ರಯೋಜನ ಇಲ್ಲ, ಅದನ್ನು ಯಾರೂ ಅಲ್ಲ ಅಂತ ಹೇಳ್ತಾ ಇಲ್ಲ. ಹೆಚ್ಚಿನವರ ಅಪೀಲು ಓದಿದ್ರೆ ಬರೀ ಕಷ್ಟವೇ ಇರ್ತದೆ, ಜಗಳ ಇರುವ ಜಾಗದ ಬಗ್ಗೆ ಒಂದು ಗೆರೆಯೂ ಇರುದಿಲ್ಲ. ನಿಮ್ಮ ಜಗಳ ಇರುದು ಆ ಎರಡನೇ ಬಾಗಿಲಿನಲ್ಲಿ, ಅಂದ್ರೆ ಬೋರ್ಡ್ ಕೊಟ್ಟ ಕಾರಣದಲ್ಲಿ ಮಾತ್ರ.

ಆ ಕಾರಣ ಎಂತದ್ದು ನೋಡಿ. ಪೀಸ್ ಸ್ಟೇಷನ್‌ನಲ್ಲಿ ಶುರುವಾದ್ದು ಅಂತೆ. ಕಾಯಿಲೆ ಯಾವ ಊರಲ್ಲಿ ಇರುವಾಗ ಕಂಡುಬಂತು ಅಂತ ಹೇಳಿದ್ರೆ ಅದು ಯಾಕೆ ಬಂತು ಅಂತ ಹೇಳಿದ ಹಾಗೆ ಆಗುದಿಲ್ಲ. ಗನ್ ಪೀಸ್ ಸ್ಟೇಷನ್ನಿನ ರೇಂಜಲ್ಲಿ ಸಿಡಿದ್ರೂ ಅಷ್ಟೇ ಶಬ್ದ, ಎಲ್‌ಒಸಿಯಲ್ಲಿ ಸಿಡಿದ್ರೂ ಅಷ್ಟೇ ಶಬ್ದ. ಸಿಡಿತದ ಶಬ್ದ 140 ಡೆಸಿಬಲ್ ದಾಟಿದ್ರೆ ಕಿವಿಗೆ ಒಂದೇ ಸಲಕ್ಕೂ ಪೆಟ್ಟಾಗಬಹುದು ಅಂತ ಡಾಕ್ಟ್ರುಗಳೇ ಹೇಳ್ತಾರೆ, ಫಿರಂಗಿಯ ಹತ್ತಿರ ನಿಂತವನಿಗೆ ಅದಕ್ಕಿಂತ ಎಷ್ಟೋ ಮೇಲೆ ಬರ್ತದೆ. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಆಕಾರದ ಒಂದು ಭಾಗ ಉಂಟು, ಅದರೊಳಗೆ ಸೂಕ್ಷ್ಮ ಕೂದಲಿನಂತ ಕೋಶಗಳು, ಶಬ್ದಕ್ಕೆ ಪೆಟ್ಟು ತಿನ್ನುದು ಅವು, ಒಮ್ಮೆ ಸತ್ರೆ ನಮ್ಮ ದೇಹ ಅವನ್ನು ಪುನಃ ಹುಟ್ಟಿಸುದಿಲ್ಲ. ಇದು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಆಗುವಂತದ್ದು, ಗೊತ್ತಾಗುವಾಗ ನೀವು ಎಲ್ಲಿ ಪೋಸ್ಟಿಂಗ್‌ನಲ್ಲಿ ಇರ್ತೀರೋ ಅದು ಬರೀ ಆಕಸ್ಮಿಕ.

ಇಲ್ಲಿ ನಿಮಗೆ ದೊಡ್ಡ ಸಾಕ್ಷಿ ಆಡಿಯೋಗ್ರಾಮ್. ಇದನ್ನು ಸ್ವಲ್ಪ ಸಮಾಧಾನದಲ್ಲಿ ಹೇಳ್ತೇನೆ, ಯಾಕಂದ್ರೆ ಹೆಚ್ಚಿನವರ ಫೈಲಿನಲ್ಲಿ ಆ ಗ್ರಾಫ್ ಇರ್ತದೆ, ಆದ್ರೆ ಅದನ್ನು ಓದಿ ಅಪೀಲಿನಲ್ಲಿ ಹಾಕಿದವರು ಕಮ್ಮಿ. ಅಡ್ಡಕ್ಕೆ ಶಬ್ದದ ಸ್ಥಾಯಿ ಇರ್ತದೆ, 250, 500, 1000, 2000, 4000, 8000 ಹರ್ಟ್ಜ್ ಅಂತ, ಉದ್ದಕ್ಕೆ ಡೆಸಿಬಲ್, ಗೆರೆ ಕೆಳಗೆ ಇಳಿದಷ್ಟು ಕಿವಿ ಮಂದ ಅಂತ ಅರ್ಥ. ವಯಸ್ಸಿಂದ ಕಿವಿ ಹೋದವರ ಗೆರೆ ಬಲಕ್ಕೆ ಹೋದ ಹಾಗೆ ಇಳೀತಾ ಇಳೀತಾ 8000ದಲ್ಲಿ ಎಲ್ಲಕ್ಕಿಂತ ಕೆಳಗೆ ಇರ್ತದೆ. ಶಬ್ದದಿಂದ ಹೋದವರದ್ದು ಹಾಗಲ್ಲ, 500, 1000ದಲ್ಲಿ ಹೆಚ್ಚುಕಮ್ಮಿ ಸರಿಯೇ ಇದ್ದು 4000ದ ಆಸುಪಾಸಿನಲ್ಲಿ ದಬಕ್ಕ ಅಂತ ಕೆಳಗೆ ಬಿದ್ದು 8000ಕ್ಕೆ ಪುನಃ ಸ್ವಲ್ಪ ಮೇಲೆ ಏಳ್ತದೆ. ಆ ಗುಂಡಿ ನಿಮ್ಮ ಹಳೇ ಗ್ರಾಫಿನಲ್ಲಿ ಇದ್ರೆ, ಮುಖ್ಯವಾಗಿ 2016ರ ಗ್ರಾಫಿನಲ್ಲಿ, ಅದು ನೀವು ಹೇಳುವ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡ್ತದೆ. ಹಳೇದೇ ಯಾಕೆ ಅಂದ್ರೆ ವಯಸ್ಸಾದ ಹಾಗೆ 8000ದ ಕಡೆಯೂ ಇಳಿದು ಗುಂಡಿ ಮುಚ್ಚಿಹೋಗುದುಂಟು. ಇನ್ನೊಂದು, ಗಾಳಿಯ ದಾರಿಯ ಗೆರೆ ಮತ್ತೆ ಮೂಳೆಯ ದಾರಿಯ ಗೆರೆ ಎರಡೂ ಒಟ್ಟೊಟ್ಟಿಗೆ ಇದ್ರೆ ತೊಂದರೆ ನರದ್ದು ಅಂತ. ಎರಡರ ನಡುವೆ ದೊಡ್ಡ ಅಂತರ ಇದ್ರೆ ಕಿವಿ ಸೋರುದು, ಕಿವಿಯ ತಮಟೆ ತೂತಾದ್ದು ಹೀಗೆ ಬೇರೆ ಕಾರಣ ಇರಬಹುದು, ಆಗ ಕೇಸಿನ ದಾರಿಯೂ ಬೇರೆ ಆಗ್ತದೆ. ಚೆಂಡೆ ಕೇಳಿ ಪದ ಗೊತ್ತಾಗದ್ದೂ ಇದೇ 4000ದ ಗುಂಡಿಯ ಲಕ್ಷಣವೇ, ಸ, ಶ, ತ, ಕ ಇಂತ ಅಕ್ಷರಗಳ ಶಬ್ದ ಆ ಮೇಲಿನ ಸ್ಥಾಯಿಯಲ್ಲೇ ಇರುದು, ಅವು ಹೋದ್ರೆ ಯಾರೋ ಮಾತಾಡಿದ್ದು ಗೊತ್ತಾಗ್ತದೆ, ಏನು ಮಾತಾಡಿದ್ದು ಅಂತ ಗೊತ್ತಾಗುದಿಲ್ಲ.

ಬೋರ್ಡ್‌ನಲ್ಲಿ 600 ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿ, ಒಂದು ಕಿವಿ ಮುಚ್ಚಿ, ಮಾಮೂಲು ಸ್ವರದಲ್ಲಿ ಒಮ್ಮೆ, ಪಿಸುಮಾತಿನಲ್ಲಿ ಒಮ್ಮೆ ಹೇಳಿಸಿ ಪರೀಕ್ಷೆ ಮಾಡಿದ್ದು ನಿಮಗೆ ನೆನಪಿರಬಹುದು, ಪೇಪರಿನಲ್ಲಿ ಸಿವಿ, ಎಫ್‌ಡಬ್ಲ್ಯೂ ಅಂತ ಇರ್ತದೆ. ನಿಶ್ಶಬ್ದ ರೂಮಿನಲ್ಲಿ ಆ ಪರೀಕ್ಷೆ ಪಾಸಾಗುವ ಕಿವಿಗೆ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗಿದ್ದು ಗೊತ್ತಾಗದೇ ಇರ್ಬಹುದು. ಆದ್ದರಿಂದ ಬರೀ ಸೆಂಟಿಮೀಟರ್ ಲೆಕ್ಕ ಒಪ್ಪಿ ಕೂತ್ಕೊಳ್ಬೇಡಿ, ಗ್ರಾಫ್ ಕೇಳಿ.

ಕಾನೂನಿನ ಕಡೆ ನಿಮ್ಮ ಕೈಲಿರುವ ದೊಡ್ಡ ಆಧಾರ 2013ರ ಸುಪ್ರೀಂ ಕೋರ್ಟ್ ತೀರ್ಪು, ಧರಮ್‌ವೀರ್ ಸಿಂಗ್ ಕೇಸ್. ಅದು ಫಿಟ್ಸ್ ಕಾಯಿಲೆಯ ಕೇಸ್ ಆದ್ರೂ ಅಲ್ಲಿ ಕೋರ್ಟ್ ಹೇಳಿದ ಮಾತು ಎಲ್ಲರಿಗೂ ಬರ್ತದೆ: ಭರ್ತಿ ಆಗುವಾಗ ಕಾಯಿಲೆ ಇತ್ತು ಅಂತ ದಾಖಲೆಯಲ್ಲಿ ಇಲ್ಲದಿದ್ರೆ ಅದು ಸರ್ವಿಸ್‌ನಲ್ಲಿ ಬಂದದ್ದು ಅಂತಲೇ ತಿಳ್ಕೊಳ್ಬೇಕು, ಅಲ್ಲ ಅಂತ ತೋರಿಸುವ ಹೊಣೆ ಸರ್ಕಾರದ್ದು, ಬೋರ್ಡ್ ಕಾರಣ ಬರೀಲೇಬೇಕು. 2015ರ ರಾಜ್‌ಬೀರ್ ಸಿಂಗ್ ತೀರ್ಪಿನಲ್ಲಿ ಅದನ್ನೇ ಪುನಃ ಹೇಳಿದ್ದಾರೆ. ನೀವು ಭರ್ತಿ ಆಗುವಾಗ ಕಿವಿ ಎಚ್-1, ಅಂದ್ರೆ ಪೂರ್ತಿ ಸರಿ ಇತ್ತು, ಇಲ್ಲದಿದ್ರೆ ಆರ್ಟಿಲರಿಗೆ ತಗೊಳ್ತಾನೇ ಇರ್ಲಿಲ್ಲ. ಅಪೀಲಿನಲ್ಲಿ ಇಷ್ಟು ನೇರ ಬರೀರಿ: "ಭರ್ತಿಯ ದಿನ ನನ್ನ ಕಿವಿ ಸರಿ ಇತ್ತು. ಇಷ್ಟು ವರ್ಷ ಗನ್ ಡ್ಯೂಟಿ ಮಾಡಿದ್ದೇನೆ. 2016ರ ಆಡಿಯೋಗ್ರಾಮ್ ಶಬ್ದದಿಂದ ಆದ ಹಾನಿಯನ್ನು ತೋರಿಸ್ತದೆ. ಬೋರ್ಡ್ ಬೇರೆ ಯಾವ ಕಾರಣವನ್ನೂ ತೋರಿಸಿಲ್ಲ." ಇದಕ್ಕೆ ಉತ್ತರ ಕೊಡುದು ಅವರಿಗೆ ಸುಲಭ ಇಲ್ಲ. 2008ರ ಎಂಟೈಟಲ್‌ಮೆಂಟ್ ರೂಲ್ಸ್‌ನಲ್ಲಿ ಕೂಡ ಸಾಮಾನ್ಯವಾಗಿ ಕ್ಲೇಮ್ ಮಾಡುವವ ತಾನಾಗಿ ಸಾಬೀತು ಮಾಡ್ಬೇಕು ಅಂತ ಇಲ್ಲ, ಆದ್ರೆ ಡಿಸ್ಚಾರ್ಜ್ ಆಗಿ 15 ವರ್ಷ ಕಳೆದ ಮೇಲೆ ಕ್ಲೇಮ್ ಹಾಕಿದ್ರೆ ಹೊಣೆ ನಮ್ಮ ತಲೆ ಮೇಲೆ ಬೀಳ್ತದೆ. ಇದನ್ನು ಓದುವ ಹಿರಿಯರು ಯಾರಾದ್ರೂ ಇನ್ನು ನೋಡುವ, ಮಗಳ ಮದುವೆ ಕಳೀಲಿ ಅಂತ ಮುಂದೆ ಹಾಕ್ತಾ ಇದ್ರೆ ದಯವಿಟ್ಟು ಹಾಕ್ಬೇಡಿ.

ಪೇಪರ್ ಒಟ್ಟು ಮಾಡುದೇ ದೊಡ್ಡ ಕೆಲಸ. ಬೋರ್ಡ್ ಪ್ರೊಸೀಡಿಂಗ್ಸ್ ಅಂದ್ರೆ ಎಎಫ್‌ಎಂಎಸ್‌ಎಫ್-16 ಪೂರ್ತಿ ಪ್ರತಿ, ಕೆಟಗರಿ ಮಾಡುವಾಗಿನ ಎಎಫ್‌ಎಂಎಸ್‌ಎಫ್-15, ಭರ್ತಿಯ ಮೆಡಿಕಲ್, ಆಸ್ಪತ್ರೆಯ ಕೇಸ್ ಶೀಟ್, ಎಲ್ಲ ಆಡಿಯೋಗ್ರಾಮ್. ಇಲ್ಲದಿದ್ರೆ ನಿಮ್ಮ ರೆಕಾರ್ಡ್ಸ್ ಆಫೀಸಿಗೆ ಆರ್‌ಟಿಐ ಹಾಕಿ, 10 ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡ್ಬೇಕು, ನಿಮ್ಮದೇ ಮೆಡಿಕಲ್ ಪೇಪರ್ ಕೇಳುವ ಹಕ್ಕು ನಿಮಗುಂಟು. ಬೋರ್ಡ್ ಪೇಪರಿನಲ್ಲಿ ಕಮಾಂಡಿಂಗ್ ಆಫೀಸರ್ ನಿಮ್ಮ ಡ್ಯೂಟಿ ಬಗ್ಗೆ ಬರೆದ ಭಾಗ ಇರ್ತದೆ, ಅದನ್ನು ಮೊದಲು ಓದಿ, ಅಲ್ಲಿ ಗನ್ ಡ್ಯೂಟಿ ಅಂತ ಒಂದು ಸಾಲು ಇದ್ರೂ ಅದು ಚಿನ್ನ. ಡಿಸ್ಚಾರ್ಜ್ ಬುಕ್‌ನಲ್ಲಿ ಟ್ರೇಡ್, ಕೋರ್ಸು ಎಲ್ಲ ಇರ್ತದೆ, ದೇವಳಾಲಿಯ ಆರ್ಟಿಲರಿ ಸ್ಕೂಲಿನಲ್ಲಿ ಕೋರ್ಸ್ ಮಾಡಿದ್ರೆ ಅದೂ ಬರ್ತದೆ. ಒಟ್ಟಿಗೆ ಗನ್ ಮೇಲೆ ಇದ್ದ ಇಬ್ಬರು ಸಂಗಾತಿಗಳಿಂದ ಅಫಿಡವಿಟ್ ತಗೊಳ್ಳಿ, ಯಾವ ವರ್ಷ, ಯಾವ ರೇಂಜ್, ಎಂತ ಗನ್ ಅಂತ ಅವರಿಗೆ ನೆನಪಿದ್ದಷ್ಟೇ ಬರೀಲಿ, ಕಟ್ಟಿ ಬರೆದದ್ದು ಓದಿದ ಕೂಡ್ಲೇ ಗೊತ್ತಾಗ್ತದೆ. ಹೊಸ ಆಡಿಯೋಗ್ರಾಮ್ ಒಂದು ಮಾಡಿಸಿ, ಹಿಂದಿನ ದಿನ ಮೆಷಿನ್ನು, ಪಟಾಕಿ, ಚೆಂಡೆ ಯಾವುದರ ಹತ್ತಿರವೂ ಹೋಗದೆ. ಕಿವಿಯೊಳಗಿನ ಶಬ್ದದ ಬಗ್ಗೆ ಬೋರ್ಡ್‌ನಲ್ಲಿ ಹೇಳಿದ್ದಿರಾ, ಬರ್ಕೊಂಡಿದ್ದಾರಾ ನೋಡಿ, ಇಲ್ಲದಿದ್ರೆ ಈಗ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ತೋರಿಸಿ ದಾಖಲೆ ಮಾಡಿಸಿ, ನಿದ್ರೆ ಇಲ್ಲದ್ದನ್ನೂ ಹೇಳಿ, ಅದನ್ನು ಸಹಿಸ್ಕೊಂಡು ಕೂರುವ ಅಗತ್ಯ ಇಲ್ಲ.

ಅಪೀಲಿನ ದಾರಿ ಹೀಗೆ: ರಿಜೆಕ್ಷನ್ ಪತ್ರ ಸಿಕ್ಕಿ ಆರು ತಿಂಗಳೊಳಗೆ ರೆಕಾರ್ಡ್ಸ್ ಮೂಲಕ ಫಸ್ಟ್ ಅಪೀಲ್, ಅದೂ ಆಗದಿದ್ರೆ ಪುನಃ ಆರು ತಿಂಗಳೊಳಗೆ ಸೆಕೆಂಡ್ ಅಪೀಲ್, ಅದರ ಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್. ನಿಮ್ಮ ಆರು ತಿಂಗಳು ಕಳೆದಿದೆ, ಹಾಗಾಗಿ ಯಾಕೆ ತಡ ಆಯ್ತು ಅಂತ ಬೇರೆ ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ ಬರೆದು ಜೊತೆಗೆ ಇಡಿ. ಟೈಮ್ ಬಾರ್ ಅಂತ ವಾಪಸ್ ಕಳಿಸಿದ್ರೂ ಆ ಪತ್ರವೇ ಟ್ರಿಬ್ಯೂನಲ್‌ಗೆ ಹೋಗ್ಲಿಕ್ಕೆ ದಾರಿ ಆಗ್ತದೆ, ತಡವನ್ನು ಮನ್ನಿಸುವ ಅಧಿಕಾರ ಟ್ರಿಬ್ಯೂನಲ್‌ಗೆ ಉಂಟು. ಪೆನ್ಷನ್ ಪ್ರತಿ ತಿಂಗಳು ಬರ್ಬೇಕಾದ್ದು, ಬರದಿದ್ರೆ ಪ್ರತಿ ತಿಂಗಳೂ ಹೊಸ ಅನ್ಯಾಯ ಅಂತ ಕೋರ್ಟು ನೋಡ್ತದೆ, ಆದ್ರೆ ಬಾಕಿ ದುಡ್ಡು 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು ಮಾತ್ರ. ಅಂದ್ರೆ ನೀವು ತಡ ಮಾಡಿದ ಒಂದೊಂದು ತಿಂಗಳೂ ಹಿಂದಿನ ಒಂದೊಂದು ತಿಂಗಳು ಕೈಬಿಟ್ಟು ಹೋಗ್ತದೆ.

ದುಡ್ಡು ಎಷ್ಟು ಅಂತ ಕೇಳ್ಲಿಲ್ಲ ನೀವು, ಆದ್ರೂ ಹೇಳ್ತೇನೆ, ಮನೆಯಲ್ಲಿ ಕೇಳ್ತಾರೆ. 100 ಪರ್ಸೆಂಟ್ ಡಿಸೆಬಿಲಿಟಿಗೆ ಕೊನೇ ಸಂಬಳದ 30 ಪರ್ಸೆಂಟ್ ಅಂತ ಲೆಕ್ಕ. ಕೊನೇ ಸಂಬಳ 40,000 ಅಂತ ಇಟ್ಕೊಂಡ್ರೆ 100ಕ್ಕೆ 12,000, ನಿಮ್ಮ 20ಕ್ಕೆ 2,400. ಆದ್ರೆ ರೌಂಡಿಂಗ್ ಆಫ್ ಅಂತ ಉಂಟು, 50ಕ್ಕಿಂತ ಕಮ್ಮಿ ಇದ್ದದ್ದನ್ನು 50 ಅಂತಲೇ ಹಿಡಿಯುದು, ಆಗ 6,000, ಮತ್ತೆ ಅದರ ಮೇಲೆ ಡಿಎ. ಮೊದಲು ಇದು ಬೋರ್ಡ್ ಔಟ್ ಆದವರಿಗೆ, ಅಂದ್ರೆ ಕಾಯಿಲೆಯ ಕಾರಣದಿಂದ ಮಧ್ಯದಲ್ಲೇ ಹೊರಗೆ ಬಂದವರಿಗೆ ಮಾತ್ರ ಅಂತ ಇತ್ತು, 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪಿನಲ್ಲಿ ಸರ್ವಿಸ್ ಮುಗಿಸಿ ಬಂದವರಿಗೂ ಸಿಗ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅರ್ಜಿಯಲ್ಲಿ ಅದನ್ನು ಬಾಯಿಬಿಟ್ಟು ಕೇಳಿ. 2023ರ ಸೆಪ್ಟೆಂಬರ್ 21ರ ನಂತರ ಡಿಸ್ಚಾರ್ಜ್ ಆದವರಿಗೆ ಬೇರೆ ರೂಲ್ಸ್ ಬಂದಿದೆ, ಅವರು ನಿಮ್ಮ ಲೆಕ್ಕವನ್ನು ತಮಗೆ ಹಾಕ್ಕೊಳ್ಬಾರ್ದು.

ವಕೀಲರ ಫೀಸಿನ ಹೆದರಿಕೆ ಇದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ವರಮಾನ ಕಮ್ಮಿ ಇದ್ದವರಿಗೆ ಉಚಿತ ಸಹಾಯ ಸಿಗ್ತದೆ. ಅಪೀಲು ಬರೀಲಿಕ್ಕೆ ಜಿಲ್ಲಾ ಸೈನಿಕ ವೆಲ್ಫೇರ್ ಆಫೀಸಿಗೆ ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ಅಣ್ಣ, ನಮ್ಮ ಮನೆಯವರು ಏರ್‌ಫೋರ್ಸ್‌ನಲ್ಲಿ ವಿಮಾನದ ಟೆಕ್ನಿಷಿಯನ್ ಆಗಿ ಇದ್ದವರು, 20 ವರ್ಷ ಮುಗಿಸಿ ಬಂದಿದ್ದಾರೆ. ಕಿವಿ ಮಂದ ಆದದ್ದು ಸರ್ವಿಸ್‌ನಿಂದಲೇ ಅಂತ ಬೋರ್ಡ್ ಒಪ್ಪಿದೆ, ಆದ್ರೆ ಪರ್ಸೆಂಟ್ 11ರಿಂದ 14 ಅಂತ ಮಾತ್ರ. ಮನೆಯಲ್ಲಿ ಟಿವಿ ಸೌಂಡ್ ಬೀದಿಗೆ ಕೇಳ್ತದೆ, ಮಕ್ಕಳು ಮಾತಾಡಿದ್ದು ಗೊತ್ತಾಗದೆ ಅವರಿಗೇ ಸಿಟ್ಟು ಬರ್ತದೆ. ಕೇಸ್ ಹಾಕುದಾದ್ರೆ ನಮಗೆ ಮಂಜೇಶ್ವರದಿಂದ ಬೆಂಗಳೂರು ಅನುಕೂಲ, ಅಲ್ಲಿ ಹಾಕಬಹುದಾ?

ಉತ್ತರ: ಅಕ್ಕ, ನಿಮ್ಮದು ಮೇಲಿನವರದ್ದಕ್ಕೆ ಪೂರ್ತಿ ತಿರುಗಾಮುರುಗ. ಸಂಬಂಧದ ಬಾಗಿಲು ತೆರೆದಿದೆ, ಪರ್ಸೆಂಟಿನದ್ದು ಮುಚ್ಚಿದೆ. 2019ರ ಡಿಸೆಂಬರ್‌ನಲ್ಲಿ ಎಸ್.ಪಿ. ರಾಥೋರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ, 20ಕ್ಕಿಂತ ಕಮ್ಮಿ ಇದ್ರೆ ಡಿಸೆಬಿಲಿಟಿ ಎಲಿಮೆಂಟ್, ಅಂದ್ರೆ ಡಿಸೆಬಿಲಿಟಿಗೆ ಸಿಗುವ ಪೆನ್ಷನ್ನಿನ ಪಾಲು ಇಲ್ಲ, ರೌಂಡಿಂಗ್ ಮಾಡಿ 50ಕ್ಕೆ ಏರಿಸ್ಲಿಕ್ಕೂ ಆಗುದಿಲ್ಲ ಅಂತ. ಕಾಯಿಲೆಯ ಕಾರಣದಿಂದಲೇ ಸರ್ವಿಸ್‌ನಿಂದ ಹೊರಗೆ ಕಳಿಸಿದ್ರೆ ಮಾತು ಬೇರೆ, 2014ರ ಸುಖ್‌ವಿಂದರ್ ಸಿಂಗ್ ತೀರ್ಪಿನ ಪ್ರಕಾರ ಅಂತವರದ್ದು 20ಕ್ಕಿಂತ ಮೇಲೆ ಅಂತಲೇ ಹಿಡೀಬೇಕು, ಆದ್ರೆ ನಿಮ್ಮವರು ಅವಧಿ ಮುಗಿಸಿ ಬಂದವರು. ಹಾಗಾಗಿ ಅಪೀಲಿನಲ್ಲಿ ಕೇಳ್ಬೇಕಾದ್ದು ಒಂದೇ, ಪುನಃ ಮೆಡಿಕಲ್ ಬೋರ್ಡ್ ಮಾಡಿಸಿ ಅಂತ. ಅದಕ್ಕೆ ಮೊದಲು ಒಳ್ಳೆ ಜಾಗದಲ್ಲಿ ಹೊಸ ಆಡಿಯೋಗ್ರಾಮ್ ಮಾಡಿಸಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ತಿರುವನಂತಪುರದ ನಿಶ್, ಎರಡೂ ಈ ಕೆಲಸಕ್ಕೆ ಹೆಸರಾದ ಜಾಗಗಳು. ಬೇಕಂತಲೇ ಕೇಳದ ಹಾಗೆ ಮಾಡ್ತಾರೆ ಅನ್ನುವ ಸಂಶಯ ಬಾರದ ಹಾಗೆ ಬೆರಾ ಪರೀಕ್ಷೆಯನ್ನೂ ಮಾಡಿಸಿ, ಅದರಲ್ಲಿ ರೋಗಿ ಬಟನ್ ಒತ್ತುದು ಇಲ್ಲ, ತಲೆಗೆ ತಂತಿ ಅಂಟಿಸಿ ನರದ ಪ್ರತಿಕ್ರಿಯೆಯನ್ನು ಮೆಷಿನ್ನೇ ಅಳೀತದೆ. ಎರಡೂ ಕಿವಿಯನ್ನು ಲೆಕ್ಕಕ್ಕೆ ತಗೊಂಡಿದ್ದಾರಾ, ಹಳೇ ಗ್ರಾಫ್‌ನಿಂದ ಈಗಿನದ್ದು ಎಷ್ಟು ಇಳಿದಿದೆ ಅಂತ ಪಕ್ಕಪಕ್ಕ ಇಟ್ಟು ತೋರಿಸಿ. ನಿಜ ಹೇಳ್ತೇನೆ, ಬೋರ್ಡ್ ಹಾಕಿದ ಪರ್ಸೆಂಟನ್ನು ಕೋರ್ಟು ತಾನಾಗಿ ಏರಿಸುದು ಕಷ್ಟ, ಡಾಕ್ಟ್ರ ಕೆಲಸಕ್ಕೆ ಜಡ್ಜು ಕೈಹಾಕುದು ಕಮ್ಮಿ, ಹಾಗಾಗಿ ಪೂರ್ತಿ ಜೋರು ಹೊಸ ಬೋರ್ಡ್ ಮೇಲೆ ಹಾಕಿ.

ಬೆಂಗಳೂರು ಆಗುದಿಲ್ಲ, ಅಲ್ಲಿ ಟ್ರಿಬ್ಯೂನಲ್‌ನ ಖಾಯಂ ಬೆಂಚ್ ಇಲ್ಲ. ನಿವೃತ್ತರು ಈಗ ವಾಸ ಇರುವ ಜಾಗದ ಬೆಂಚಿಗೆ ಹೋಗಬಹುದು, ಕೇರಳಕ್ಕೂ ಕರ್ನಾಟಕಕ್ಕೂ ಇರುದು ಕೊಚ್ಚಿ ಬೆಂಚ್, ಹಾಗಾಗಿ ನಿಮ್ಮದೂ ಅದೇ. ಮಂಗಳೂರಲ್ಲಿ ನೆಂಟರ ಮನೆ ವಿಳಾಸ ಕೊಟ್ಟು ಹಾಕುವ ಅಂತ ಸಲಹೆ ಕೊಡುವವರು ಇರ್ತಾರೆ, ಕೇಳ್ಬೇಡಿ, ಆಗಲೂ ಬೆಂಚ್ ಕೊಚ್ಚಿಯೇ, ಮತ್ತೆ ಆಧಾರ್, ಪಿಪಿಒ (ಪೆನ್ಷನ್ ಆರ್ಡರ್) ಎಲ್ಲದರಲ್ಲಿ ಒಂದು ವಿಳಾಸ, ಅರ್ಜಿಯಲ್ಲಿ ಒಂದು ಅಂತ ಆದ್ರೆ ಒಳ್ಳೆ ಕೇಸೂ ಹಾಳಾಗ್ತದೆ. ಪರಶುರಾಮ ಎಕ್ಸ್‌ಪ್ರೆಸ್ ಎರ್ನಾಕುಳಂ ದಾರಿಯಲ್ಲೇ ಹೋಗುದು, ಮತ್ತೆ ಪ್ರತಿ ತಾರೀಕಿಗೂ ನೀವೇ ಹೋಗ್ಬೇಕಂತ ಇಲ್ಲ, ವಕೀಲರು ಹೋದ್ರೆ ಸಾಕು.

ಸಿಟ್ಟಿನ ವಿಷಯ ಬರೆದಿದ್ದೀರಿ. ಕೇಳದವನಿಗೆ ದಿನವಿಡೀ ಊಹೆ ಮಾಡಿ ಮಾಡಿ ಸುಸ್ತಾಗ್ತದೆ ಅಕ್ಕ, ಆ ಸುಸ್ತೇ ಸಿಟ್ಟಾಗಿ ಹೊರಗೆ ಬರುದು. ಹಿಂದಿನಿಂದ ಕರೀಬೇಡಿ, ಎದುರು ಬಂದು ಮುಖ ಕಾಣುವ ಹಾಗೆ ನಿಧಾನ ಮಾತಾಡ್ಲಿಕ್ಕೆ ಮಕ್ಕಳಿಗೆ ಹೇಳಿ, ಕಿರುಚುದು ಬೇಡ. ಇಸಿಎಚ್‌ಎಸ್‌ನಲ್ಲಿ ಡಾಕ್ಟ್ರು ಬರೆದ್ರೆ ಹಿಯರಿಂಗ್ ಏಯ್ಡ್ ಸಿಗ್ತದೆ, ಅದಕ್ಕೆ ಪೆನ್ಷನ್ ಕೇಸ್ ಮುಗೀಲಿ ಅಂತ ಕಾಯ್ಬೇಡಿ.

ಪ್ರಶ್ನೆ: ಜಿಲ್ಲಾಸ್ಪತ್ರೆಯಿಂದ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಿದ್ರೆ ಮಿಲಿಟರಿ ಪೆನ್ಷನ್ ಕೇಸಿಗೆ ಉಪಯೋಗ ಆಗ್ತದಾ? (ಒಬ್ಬ ನಾಯಕ್, ಪೆರ್ಲ)

ಉತ್ತರ: ಅದು ಬೇರೆ, ಇದು ಬೇರೆ. 2016ರ ವಿಕಲಚೇತನರ ಕಾಯಿದೆಯಲ್ಲಿ ಮಾತಿನ ಸ್ಥಾಯಿಯಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬಲ್‌ನಷ್ಟು ನಷ್ಟ ಇದ್ರೆ ಮಾತ್ರ ಶ್ರವಣ ದೋಷ ಅಂತ ಬರ್ತದೆ, ಗನ್ನಿನ ಶಬ್ದದಿಂದ ಮೇಲಿನ ಸ್ಥಾಯಿ ಮಾತ್ರ ಹೋದವರಿಗೆ ಅಲ್ಲಿ ಸಿಗುದು ಕಷ್ಟ. ಸಿಗದಿದ್ರೆ ಮಿಲಿಟರಿ ಕೇಸ್ ಬಿದ್ದುಹೋಯ್ತು ಅಂತ ತಿಳ್ಕೊಳ್ಬೇಡಿ, ಅಲ್ಲಿ ಪರ್ಸೆಂಟ್ ಹಾಕುದು ಮಿಲಿಟರಿ ಬೋರ್ಡೇ.

ಪ್ರಶ್ನೆ: ನನಗೆ ಇಂಗ್ಲಿಷ್, ಹಿಂದಿ ಬರೀಲಿಕ್ಕೆ ಬರುದಿಲ್ಲ, ಮಲಯಾಳವೂ ಅಷ್ಟಕ್ಕಷ್ಟೆ. ಅಪೀಲ್ ಕನ್ನಡದಲ್ಲಿ ಬರೆದ್ರೆ ತಗೊಳ್ತಾರಾ? (ಕುಂಬಳೆ)

ಉತ್ತರ: ಸಂವಿಧಾನದ 350ನೇ ವಿಧಿ ಪ್ರಕಾರ ದೂರು ಪರಿಹಾರಕ್ಕೆ ಕೇಂದ್ರಕ್ಕಾಗ್ಲಿ ರಾಜ್ಯಕ್ಕಾಗ್ಲಿ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅರ್ಜಿ ಕೊಡುವ ಹಕ್ಕು ನಿಮಗುಂಟು, ಕೇರಳದ 1969ರ ಭಾಷಾ ಕಾಯಿದೆಯಲ್ಲಿ ನಮ್ಮ ಕನ್ನಡದವರಿಗೆ ರಾಜ್ಯ ಸರ್ಕಾರದ ಆಫೀಸುಗಳ ಜೊತೆ ಕನ್ನಡದಲ್ಲೇ ವ್ಯವಹರಿಸ್ಲಿಕ್ಕೆ ಅವಕಾಶವೂ ಉಂಟು. ಸೈನಿಕ ವೆಲ್ಫೇರ್ ಆಫೀಸು ರಾಜ್ಯದ್ದು, ಅಲ್ಲಿ ಕನ್ನಡದಲ್ಲೇ ಧೈರ್ಯವಾಗಿ ಕೊಡಿ. ರೆಕಾರ್ಡ್ಸ್‌ಗೆ ಮಾತ್ರ ಇಂಗ್ಲಿಷ್ ಪ್ರತಿಯೂ ಇರ್ಲಿ, ಓದುವ ಕ್ಲರ್ಕಿಗೆ ಅರ್ಥ ಆಗದಿದ್ರೆ ಫೈಲು ಅಲ್ಲೇ ಕೂತಿರ್ತದೆ, ನಷ್ಟ ನಿಮಗೆ. ಮೊದಲು ಕನ್ನಡದಲ್ಲಿ ನಿಮ್ಮ ಕೈಯಾರೆ ಎಲ್ಲ ಬರೀರಿ, ಯಾವ ವರ್ಷ ಎಲ್ಲಿದ್ದೆ, ಯಾವ ಫೈರಿಂಗ್ ಆದ ಮೇಲೆ ಕಿವಿ ಗುಂಯ್ ಅಂದದ್ದು, ಯಾವ ಡಾಕ್ಟ್ರಿಗೆ ಹೇಳಿದ್ದು ಅಂತ, ಆಮೇಲೆ ಊರಿನ ಮೇಷ್ಟ್ರೋ ಕಾಲೇಜಿಗೆ ಹೋಗುವ ಮಕ್ಕಳೋ ಅದನ್ನು ಇಂಗ್ಲಿಷ್ ಮಾಡಿಕೊಡ್ಲಿ. ಎರಡಕ್ಕೂ ಸಹಿ ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿಯನ್ನು ಡಿಸ್ಚಾರ್ಜ್ ಬುಕ್ಕಿನ ಒಳಗೇ ಇಡಿ, ಆರು ತಿಂಗಳ ಲೆಕ್ಕ ಹಾಕುವಾಗ ಅದೇ ಬೇಕಾಗುದು.